ಬಸ್ಸಿನ ಮನೆ, ಹಳ್ಳದ ಕರೆಂಟು

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ಆಚೀಚೆ ಜೀಪು ಮಾತ್ರ ಹತ್ತುವ ಮಣ್ಣು ದಾರಿಗಳು ಬೇಕಾದಷ್ಟಿವೆ. ಅಂಥ ಒಂದು ದಾರಿ ಮುಗಿದ ಮೇಲೂ ಮುಕ್ಕಾಲು ಗಂಟೆ ಗುಡ್ಡ ಹತ್ತಬೇಕು. ಆಗ ಮರಗಳ ನಡುವೆ ಕೆಂಪು ಬಣ್ಣ ಮಾಸಿದ ಒಂದು ಬಸ್ಸು ಕಾಣುತ್ತದೆ. ಗಾಲಿ ಇಲ್ಲ, ಇಂಜಿನ್ ಇಲ್ಲ. ಚಿರೆಕಲ್ಲಿನ ಕಂಬಗಳ ಮೇಲೆ ಕೂತಿದೆ. ಮೇಲೆ ತಗಡಿನ ಮಾಡು, ಅದರ ಮೇಲೆ ಅಡಿಕೆ ಸೋಗೆ. ಪಕ್ಕದಲ್ಲಿ ಹಳ್ಳ. ಕರೆಂಟಿನ ಕಂಬ ಕೆಳಗಿನ ಊರಿಗೇ ಮುಗಿದಿದೆ. ಆದರೂ ರಾತ್ರಿ ಅಲ್ಲಿ ದೀಪ ಉರಿಯುತ್ತದೆ, ಮಿಕ್ಸಿ ತಿರುಗುತ್ತದೆ, ಬಚ್ಚಲಿನಲ್ಲಿ ಬಿಸಿನೀರು ಬರುತ್ತದೆ.

ಕಟ್ಟಿದವರು ನನ್ನ ಭಾವ. ಶಿರಸಿಯಲ್ಲಿ ಬಹಳ ವರ್ಷ ಪಂಪು, ಟಿಲ್ಲರ್, ಅಡಿಕೆ ಸುಲಿಯುವ ಮಷೀನು ರಿಪೇರಿ ಮಾಡಿದವರು. ಅಕ್ಕ, ಭಾವ ಇರುವುದು ಕೆಳಗಿನ ಊರಿನಲ್ಲಿ. ಮೇಲಿನ ತೋಟಕ್ಕೆ ಕಾವಲು ಬೇಕಾದಾಗ, ಸಸಿಗಳ ಕೆಲಸ ಇದ್ದಾಗ ಭಾವ ಈ ಬಸ್ಸಿನಲ್ಲಿ ಉಳಿಯುತ್ತಾರೆ. ಈ ಸಲ ಚೌತಿ ಮುಗಿದ ಮೇಲೆ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಹುಬ್ಬಳ್ಳಿಗೆ ಹೋಗಬೇಕು, ಆಮೇಲೆ ಧೂಳು, ನೀರು ಏನೂ ಕಣ್ಣಿಗೆ ಸೋಕಬಾರದು. ಅಷ್ಟು ದಿನ ಯಂತ್ರ ನೋಡಿಕೊಳ್ಳುವವರು ಯಾರು? ನಾನು ಇರುತ್ತೇನೆ ಅಂದೆ. ಕಾರವಾರದಲ್ಲಿ ದಿನವಿಡೀ ಲೆಕ್ಕಪತ್ರ ನೋಡುವ ನನಗೆ ಆ ಮನೆಯಲ್ಲಿ ಒಂದಷ್ಟು ದಿನ ಇರಬೇಕು ಅಂತ ಮೊದಲಿಂದ ಆಸೆ ಇತ್ತು. ಅಕ್ಕನಿಗೆ ಮಾತ್ರ ಚಿಂತೆ. "ಒಬ್ನೇ ಇರ್ತ್ಯ? ಬೇಜಾರು ಬತ್ತಿಲ್ಯಾ?" ಅಂತ ಹೊರಡುವವರೆಗೂ ಕೇಳುತ್ತಿದ್ದಳು.

ಭಾವ ಬೇರೆ ಮಾತು ಹೇಳಿದರು. "ಅಡ್ಡಿಲ್ಲೆ. ಆದ್ರೆ ಮೊದ್ಲು ನೀರಿನ ದಾರಿ ಪೂರ್ತಿ ಕಲೀಯವು."

ಬಸ್ಸಿನ ಕಥೆ ಮೊದಲು ಹೇಳಿಬಿಡುತ್ತೇನೆ. ಗುಜರಿಯಲ್ಲಿ ಬಸ್ಸಿನ ಇಂಜಿನ್, ಚಾಸಿ, ಟೈರು ಎಲ್ಲ ಬೇರೆ ಬೇರೆಯಾಗಿ ಮಾರಾಟ ಆಗುತ್ತವೆ. ಬಾಡಿ ತೂಕದ ಲೆಕ್ಕಕ್ಕೆ ಹೋಗುತ್ತದೆ. ಭಾವ ಬರೀ ಬಾಡಿ ತಂದರು. ಗ್ಯಾಸ್ ಕಟರ್‌ನಲ್ಲಿ ತುಂಡು ಮಾಡಿಸಿ, ಟ್ರ್ಯಾಕ್ಟರಿನಲ್ಲಿ ದಾರಿ ಮುಗಿಯುವವರೆಗೆ ಒಯ್ದು, ಅಲ್ಲಿಂದ ಮುಂದೆ ಊರಿನವರು ಸೇರಿ ಹೊತ್ತು ಸಾಗಿಸಿದರು. ಆಗ ಮೇಲೆ ಕರೆಂಟು ಇರಲಿಲ್ಲವಲ್ಲ, ವೆಲ್ಡಿಂಗ್ ಆಗುವುದಿಲ್ಲ. ಹಾಗಾಗಿ ಎಲ್ಲ ಜೋಡಣೆಯೂ ನಟ್ಟು ಬೋಲ್ಟಿನದು. ಇವತ್ತಿಗೂ ಪಾನಾ ಇದ್ದರೆ ಆ ಮನೆಯನ್ನು ಬಿಚ್ಚಿ ಕೆಳಗೆ ತರಬಹುದು.

ಬಸ್ಸೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನನಗೂ ಅದು ಒಂದು ಖುಷಿಯ ಹುಚ್ಚು ಅಂತಲೇ ಅನಿಸಿತ್ತು. ಅಲ್ಲಿ ನಿಂತು ಜಾಗ ನೋಡಿದಾಗ ಕಾರಣ ತಿಳಿಯಿತು. ಸುತ್ತಲಿನ ಬೆಟ್ಟ ಭೂಮಿ ಸೊಪ್ಪಿಗೆ, ದರಕಿಗೆ (ಉದುರಿದ ಒಣ ಎಲೆಗೆ) ಮಾತ್ರ. ಅಲ್ಲಿ ಮನೆ ಕಟ್ಟುವಂತಿಲ್ಲ. ಭಾವನ ಹೆಸರಿನಲ್ಲಿರುವುದು ಅಜ್ಜನ ಕಾಲದ ಹಾಳುಬಿದ್ದ ತೋಟದ ತುಂಡು, ಹಿಡುವಳಿ ಜಾಗ. ಅದೂ ಇಳಿಜಾರು. ಸಿಮೆಂಟಿನ ಮನೆ ಕಟ್ಟಬೇಕಾದರೆ ಗುಡ್ಡ ಕಡಿದು ಸಪಾಟು ಮಾಡಬೇಕು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟ, ಮನೆ, ರಸ್ತೆ ಹೋದದ್ದನ್ನು ಭಾವ ಕಣ್ಣಾರೆ ನೋಡಿ ಬಂದಿದ್ದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮಳೆನೀರು ಕುಡಿದು ಭಾರವಾದ ಮಣ್ಣಿನ ಬುಡ ಕಡಿದರೆ ಮೇಲಿನದು ನಿಲ್ಲುವುದಿಲ್ಲ. ಬಸ್ಸಿನ ಬಾಡಿ ಹಗುರ. ಇಳಿಜಾರಿಗೆ ತಕ್ಕಂತೆ ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಎತ್ತರದ ಕಂಬ ನಿಲ್ಲಿಸಿ ಕೂರಿಸಿದರು. ಗುಡ್ಡಕ್ಕೆ ಗುದ್ದಲಿ ಹಾಕಿದ್ದು ಕಂಬದ ಗುಂಡಿಗಳಿಗೆ ಮಾತ್ರ. ಮಳೆನೀರು ಮನೆಯ ಕೆಳಗಿಂದಲೇ ಹರಿದು ಹೋಗುತ್ತದೆ. ಕೆಳಗೆ ಗಾಳಿ ಆಡುವುದರಿಂದ ತುಕ್ಕೂ ಕಡಿಮೆ. ಇದು ಹುಚ್ಚಲ್ಲ, ಆ ಜಾಗಕ್ಕೆ ಸರಿಯಾದ ಮನೆ ಅಂತ ಈಗ ನಾನು ಗಟ್ಟಿಯಾಗಿ ಹೇಳುತ್ತೇನೆ.

ಒಳಗೆ ಸೀಟು ತೆಗೆದು ಅಡಿಕೆ ದಬ್ಬೆಯ ನೆಲ ಹಾಸಿದ್ದಾರೆ. ಸಾಮಾನಿಡುವ ರ್‍ಯಾಕ್ ಹಾಗೇ ಇದೆ, ಅದರಲ್ಲಿ ಪುಸ್ತಕ, ಡಬ್ಬಿ, ಕಂಬಳಿ. ಜಾರುವ ಕಿಟಕಿಗಳಿಗೆ ಸೊಳ್ಳೆ ಪರದೆ ಕಟ್ಟಿದ್ದಾರೆ. ಡ್ರೈವರ್ ಸೀಟನ್ನು ಮಾತ್ರ ತೆಗೆದಿಲ್ಲ. ಅದರ ಎದುರಿನ ದೊಡ್ಡ ಗಾಜಿನಲ್ಲಿ ಇಡೀ ಕಣಿವೆ ಕಾಣುತ್ತದೆ. ಪಂಕ್ಚರ್ ಅಂಗಡಿಯ ಹಳೆ ಗಾಳಿ ಟ್ಯಾಂಕನ್ನು ಕೊಯ್ದು ಒಲೆ ಮಾಡಿದ್ದಾರೆ. ಹೊಗೆ ಹೋಗುವುದು ಲಾರಿಯ ಸೈಲೆನ್ಸರ್ ಪೈಪಿನಲ್ಲಿ. ಪೈಪು ಮಾಡು ದಾಟುವ ಕಡೆ ಸುತ್ತ ಜಾಗ ಬಿಟ್ಟು ಬೂದಿ ತುಂಬಿದ ತಗಡಿನ ಪಟ್ಟಿ. ಒಲೆ ಉರಿಯುವಾಗ ಎರಡು ಕಿಟಕಿ ತೆರೆದೇ ಇರಬೇಕು, ಚಳಿಯಾದರೂ ಸರಿ. ಹೊಗೆ ಕಾಣದೇ ಇದ್ದರೂ ಕೆಟ್ಟ ಗಾಳಿ ತುಂಬಿ ಮಲಗಿದವರು ಏಳದೇ ಹೋಗಬಹುದು. ಕತ್ತಿ, ಕೊಡಲಿ ಎರಡೂ ಲಾರಿಯ ಕಮಾನು ಪಟ್ಟಿಯಿಂದ ಬಡಿಸಿದ್ದು. ನಮ್ಮ ಕಡೆ ಕಮ್ಮಾರರು ಮೊದಲಿನಿಂದಲೂ ಆ ಉಕ್ಕನ್ನೇ ಇಷ್ಟಪಡುತ್ತಾರೆ, ಅಲ್ವಾ?

ಕಲಿಯುವ ಕೆಲಸ ಮೇಲಿನಿಂದ ಶುರುವಾಯಿತು. ಬಸ್ಸಿನಿಂದ ಹತ್ತು ನಿಮಿಷ ಹತ್ತಿದರೆ ಹಳ್ಳಕ್ಕೆ ಕಲ್ಲಿನ ಒಂದು ಸಣ್ಣ ಒಡ್ಡು. ನೀರು ಒಡ್ಡಿನ ಪಕ್ಕದ ತೊಟ್ಟಿಗೆ ಬರುತ್ತದೆ. ತೊಟ್ಟಿಯ ಬಾಯಿಗೆ ಬಸ್ಸಿನ ಮುಂಭಾಗದ ಜಾಲರಿಯನ್ನೇ ಓರೆಯಾಗಿ ಇಟ್ಟಿದ್ದಾರೆ. ಎಲೆ, ಕಡ್ಡಿ, ಉಪ್ಪಾಗೆ ಹಣ್ಣು ಅಲ್ಲೇ ನಿಲ್ಲುತ್ತವೆ. ತೊಟ್ಟಿಯಲ್ಲಿ ಮರಳು ತಳ ಹಿಡಿದು, ತಿಳಿನೀರು ನಾಲ್ಕು ಇಂಚಿನ ಕಪ್ಪು ಪೈಪಿಗೆ ಇಳಿಯುತ್ತದೆ. ಪೈಪಿನ ಬಾಯಿ ಯಾವತ್ತೂ ನೀರಿನಲ್ಲಿ ಮುಳುಗಿರಬೇಕು. ಗಾಳಿ ಒಳಗೆ ಹೋಯಿತೋ, ಕೆಳಗೆ ಯಂತ್ರ ಕೆಮ್ಮುತ್ತದೆ.

ಅಲ್ಲಿಂದ ಪೈಪಿನ ಗುಂಟ ಇಳಿದೆವು. ಭಾವ ಪ್ರತಿ ಜೋಡಣೆಯನ್ನೂ ಕೈಯಿಂದ ಮುಟ್ಟಿ ನೋಡುತ್ತಾ ನಡೆದರು. ನನಗೂ ಮುಟ್ಟಿಸಿದರು. ಪೈಪಿನ ಮೇಲೆ ಕೈ ಇಟ್ಟರೆ ನೀರು ಓಡುವುದು ತಿಳಿಯುತ್ತದೆ. ಅವರ ಕಣ್ಣಿಗೆ ಮಂಜು ಕವಿದು ಬಹಳ ದಿನವಾಗಿತ್ತು. ಕೈಯಲ್ಲೇ ಎಲ್ಲ ನೋಡುವ ಅಭ್ಯಾಸ ಅವರಿಗೆ ಆಗಲೇ ಬಂದುಬಿಟ್ಟಿತ್ತು.

ಯಂತ್ರದ ಗುಡಿಸಲು ಬಸ್ಸಿನ ಸ್ವಲ್ಪ ಕೆಳಗೆ. ಮೇಲಿನ ತೊಟ್ಟಿಗೂ ಇಲ್ಲಿಗೂ 25 ಮೀಟರ್ ಎತ್ತರದ ವ್ಯತ್ಯಾಸ, ಅಂದರೆ ಸುಮಾರು 80 ಅಡಿ. ಇದನ್ನು ಅಳೆದದ್ದು ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪಿನಲ್ಲಿ, ಒಂದೊಂದು ಆಳೆತ್ತರ ಇಳಿಯುತ್ತಾ. ನೀರು ಎಷ್ಟು ಬರುತ್ತದೆ ಅಂತ ನೋಡಲು 200 ಲೀಟರಿನ ಡ್ರಮ್ ಇಟ್ಟರು. ತುಂಬಲು 25 ಸೆಕೆಂಡ್ ಹಿಡಿಯಿತು. ಸೆಕೆಂಡಿಗೆ 8 ಲೀಟರ್ ಅಂದಂತಾಯಿತು. ಲೆಕ್ಕ ಸುಲಭ. ಸೆಕೆಂಡಿಗೆ ಇಷ್ಟು ಲೀಟರ್, ಇಷ್ಟು ಮೀಟರ್ ಎತ್ತರ, ಎರಡನ್ನೂ ಗುಣಿಸಿ, ಮತ್ತೆ 9.81ರಿಂದ ಗುಣಿಸಿದರೆ ಆ ನೀರಿನಲ್ಲಿ ಇರುವ ಶಕ್ತಿ ವ್ಯಾಟ್‌ನಲ್ಲಿ ಸಿಗುತ್ತದೆ. ಇಲ್ಲಿ ಅದು 1,960 ವ್ಯಾಟ್ ಹತ್ತಿರ. ಪೈಪಿನ ತಿಕ್ಕಾಟ, ಯಂತ್ರದ ನಷ್ಟ ಎಲ್ಲ ಕಳೆದು ಮನೆಗೆ ಬರುವುದು 900 ವ್ಯಾಟ್. ಅರ್ಧಕ್ಕಿಂತ ಕಡಿಮೆ. ಹಳೆ ಸಾಮಾನಿನಲ್ಲಿ ಇಷ್ಟು ಸಿಕ್ಕರೆ ಬಹಳ ಒಳ್ಳೆಯದು ಅಂತ ಭಾವನ ಲೆಕ್ಕ.

ಆ ಹಳೆ ಸಾಮಾನು ಯಾವುದು ಅಂದರೆ ತೋಟಕ್ಕೆ ನೀರು ಹಾಯಿಸುತ್ತಿದ್ದ 3 ಎಚ್‌ಪಿ ಪಂಪು. ಅದೇ ಪಂಪಿಗೆ ಈಗ ಉಲ್ಟಾ ಕೆಲಸ. ನೀರು ಹೊರಗೆ ಬರುತ್ತಿದ್ದ ಬಾಯಿಯಿಂದ ಒಳಗೆ ಹೋಗುತ್ತದೆ, ಎಳೆದುಕೊಳ್ಳುತ್ತಿದ್ದ ಬಾಯಿಯಿಂದ ಹೊರಗೆ ಬರುತ್ತದೆ. ಒಳಗಿನ ಚಕ್ರ ಹಿಂದುಮುಂದಾಗಿ ತಿರುಗುತ್ತದೆ, ಅದಕ್ಕೆ ಸೇರಿದ ಮೋಟಾರು ಕರೆಂಟು ಉಣ್ಣುವ ಬದಲು ಕರೆಂಟು ಕೊಡುತ್ತದೆ. ಇದು ಭಾವ ಕಂಡುಹಿಡಿದದ್ದಲ್ಲ. ಗುಡ್ಡಗಾಡಿನ ಎಷ್ಟೋ ದೇಶಗಳಲ್ಲಿ ಹೀಗೆ ಮಾಡುತ್ತಾರೆ, ಯಾಕೆಂದರೆ ಪಂಪು ಎಲ್ಲ ಊರಲ್ಲೂ ಸಿಗುತ್ತದೆ, ಅದರ ಬೇರಿಂಗು, ಸೀಲು ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಆದರೆ ಎರಡು ವಿಷಯ ಗೊತ್ತಿರಬೇಕು. ಚಕ್ರ ಉಲ್ಟಾ ತಿರುಗುವುದರಿಂದ ಅದನ್ನು ಹಿಡಿದಿರುವ ನಟ್ಟು ತಾನಾಗಿ ಬಿಚ್ಚಿಕೊಳ್ಳಬಹುದು. ಅದಕ್ಕೆ ಲಾಕ್ ನಟ್ ಹಾಕಲೇಬೇಕು. ಇನ್ನೊಂದು, ಮೋಟಾರು ಸುಮ್ನೆ ತಿರುಗಿದರೆ ಕರೆಂಟು ಹುಟ್ಟುವುದಿಲ್ಲ. ಅದಕ್ಕೆ ಕೆಪಾಸಿಟರ್, ಅಂದರೆ ಕರೆಂಟನ್ನು ಹಿಡಿದಿಟ್ಟು ಬಿಡುವ ಡಬ್ಬಿ ಬೇಕು. ಮೂರು ಫೇಸಿನ ಮೋಟಾರಿನ ಒಂದು ಜೋಡಿ ತಂತಿಗೆ ಒಂದು ಪಾಲು, ಇನ್ನೊಂದು ಜೋಡಿಗೆ ಎರಡು ಪಾಲು ಕೆಪಾಸಿಟರ್ ಕಟ್ಟಿದರೆ ಮನೆಗೆ ಬೇಕಾದ ಸಿಂಗಲ್ ಫೇಸ್ 230 ವೋಲ್ಟ್ ಬರುತ್ತದೆ. ಮೋಟಾರಿನ ಕಬ್ಬಿಣದೊಳಗೆ ಮೊದಲೇ ಉಳಿದಿರುವ ಒಂಚೂರು ಅಯಸ್ಕಾಂತ ಗುಣದಿಂದ ಇದೆಲ್ಲ ಶುರುವಾಗುತ್ತದೆ. ಆ ಒಂಚೂರು ಹೋದರೆ ಎಲ್ಲವೂ ಹೋಯಿತು. ಅದರ ಕಥೆ ಮುಂದೆ ಬರುತ್ತದೆ.

ಇಡೀ ವ್ಯವಸ್ಥೆಯಲ್ಲಿ ಹೊಸದಾಗಿ ಕೊಂಡದ್ದು ಲೋಡ್ ಕಂಟ್ರೋಲರ್. ನೀರು ಹಗಲೂ ರಾತ್ರಿ ಒಂದೇ ರೀತಿ ಬರುತ್ತದೆ, ನಾವು ಬಳಸುವುದು ಹೆಚ್ಚು ಕಡಿಮೆ ಆಗುತ್ತದೆ. ಬಳಸದೇ ಬಿಟ್ಟರೆ ಯಂತ್ರದ ಮೇಲೆ ಭಾರ ಕಡಿಮೆಯಾಗಿ ಅದು ಜೋರಾಗಿ ಓಡುತ್ತದೆ, ವೋಲ್ಟೇಜು ಏರುತ್ತದೆ, ಬಲ್ಬು ಸುಡುತ್ತದೆ. ಕಂಟ್ರೋಲರ್ ಮಿಕ್ಕಿದ ಕರೆಂಟನ್ನು ಹಳೆ ಗೀಸರಿನ ಕಾಯಿಲ್‌ಗೆ ತಿರುಗಿಸುತ್ತದೆ. ಬಚ್ಚಲಿನ ಬಿಸಿನೀರು ಬರುವುದು ಹೀಗೆ. ಮನೆಯಲ್ಲಿ ಎಲ್ಲ ಆರಿಸಿ ಮಲಗಿದ ಮೇಲೆ ನೀರು ಕಾಯುತ್ತದೆ. ಬೆಳಿಗ್ಗೆ ಎದ್ದರೆ ಸ್ನಾನಕ್ಕೆ ತಯಾರು.

"ನೀರು ಬಿಡಕಾದ್ರೆ ಅವಸರ ಮಾಡಡ. ನಿಲ್ಸಕಾದ್ರೆ ಇನ್ನೂ ಮಾಡಡ," ಅಂತ ವಾಲ್ವ್ ತೋರಿಸಿ ಹೇಳಿದರು. ಅಷ್ಟು ಉದ್ದದ ಪೈಪಿನಲ್ಲಿ ಓಡುವ ನೀರನ್ನು ಒಮ್ಮೆಲೇ ತಡೆದರೆ ಅದು ಪೈಪಿಗೇ ಗುದ್ದುತ್ತದೆ. ಜೋಡಣೆ ಸಿಡಿಯುತ್ತದೆ. ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಆಮೇಲೆ ಗೋಡೆಯ ಮೀಟರ್ ಕಡೆ ನಾನು ನೋಡುತ್ತಿದ್ದುದನ್ನು ಗಮನಿಸಿ, "ತಮಾ, ಶಬ್ದ ಕೇಳು. ಮೀಟರ್ ಆಮೇಲೆ ಹೇಳ್ತು, ಶಬ್ದ ಮೊದ್ಲೇ ಹೇಳ್ತು," ಅಂದರು.

ಅವರು ಹುಬ್ಬಳ್ಳಿಗೆ ಹೋದ ಮೇಲೆ ನಾನು ಒಬ್ಬನೇ ಆದೆ. ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಹೆದರಿಕೆಯಿಂದಲ್ಲ, ಶಬ್ದದಿಂದ. ಹಳ್ಳದ ಶಬ್ದ, ಮಳೆಯ ಶಬ್ದ, ಅವೆರಡರ ಕೆಳಗೆ ಯಂತ್ರದ ಒಂದೇ ಶ್ರುತಿಯ ಗುಂಯ್ ಅನ್ನುವ ನಾದ. ತಗಡಿನ ಮೇಲೆ ಸೋಗೆ ಹೊದೆಸಿದ್ದರಿಂದ ಮಳೆಯ ಅಬ್ಬರ ಮೆತ್ತಗಾಗಿ ಕೇಳುತ್ತಿತ್ತು. ಮರುದಿನದಿಂದ ಆ ನಾದ ಇದ್ದರೆ ಮಾತ್ರ ನಿದ್ದೆ ಬರುವಂತಾಯಿತು.

900 ವ್ಯಾಟ್‌ನಲ್ಲಿ ಬದುಕುವುದು ಹೇಗೆ ಅಂತ ಕಾರವಾರದ ಗೆಳೆಯರು ಆಮೇಲೆ ಕೇಳಿದರು. ದಿನದ ಲೆಕ್ಕ ನೋಡಿದರೆ ಇದು ಕಡಿಮೆಯೇ ಅಲ್ಲ. 24 ಗಂಟೆಯೂ ಬರುವುದರಿಂದ ದಿನಕ್ಕೆ 21 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್. ಹಳ್ಳ ತುಂಬಿರುವ ತಿಂಗಳಲ್ಲಿ ಈ ಹಳೆ ಪಂಪು 600ಕ್ಕೂ ಜಾಸ್ತಿ ಕೊಡುತ್ತದೆ. ಆದರೆ ಒಂದು ಹೊತ್ತಿನಲ್ಲಿ 900 ದಾಟುವಂತಿಲ್ಲ. ಇಸ್ತ್ರಿ ಪೆಟ್ಟಿಗೆಯ ಆಸೆ ಬಿಡಬೇಕು. 500 ವ್ಯಾಟಿನ ಸಣ್ಣ ಕುಕ್ಕರಿನಲ್ಲಿ ಅನ್ನ ಇಟ್ಟಾಗ ಮಿಕ್ಸಿ ಹಾಕುವಂತಿಲ್ಲ. ಮೊದಲು ತಂಬುಳಿಗೆ ಕಾಯಿ ಬೀಸಿಕೊಂಡು, ಆಮೇಲೆ ಅನ್ನಕ್ಕೆ ಇಡಬೇಕು. ಎರಡು ದಿನದಲ್ಲಿ ಇದು ರೂಢಿಯಾಯಿತು. ಯಾವ ವಸ್ತು ಎಷ್ಟು ಕರೆಂಟು ತಿನ್ನುತ್ತದೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅಲ್ಲಿ ಒಂದು ಸ್ವಿಚ್ ಒತ್ತಿದರೆ ಯಂತ್ರದ ಶ್ರುತಿ ಒಂದು ಕ್ಷಣ ಬದಲಾಗುವುದು ಕಿವಿಗೆ ಬೀಳುತ್ತದೆ. ಆಮೇಲೆ ಕಂಟ್ರೋಲರ್ ಸರಿ ಮಾಡಿಕೊಳ್ಳುತ್ತದೆ.

ನಮ್ಮದು ಕರೆಂಟು ಹುಟ್ಟುವ ಜಿಲ್ಲೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ನಾಗಝರಿಯಲ್ಲಿ ವಿದ್ಯುದಾಗಾರ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳು. ಕಾರವಾರದಲ್ಲಿ ಕೂತು ಸ್ವಿಚ್ ಒತ್ತುವಾಗ ಇವು ಯಾವುದೂ ನನ್ನ ನೆನಪಿಗೆ ಬಂದದ್ದಿಲ್ಲ. ಅವುಗಳಿಗಾಗಿ ಮುಳುಗಿದ ಊರುಗಳೂ ನೆನಪಿಗೆ ಬಂದದ್ದಿಲ್ಲ. ಈ ಹಳ್ಳ ಕೊನೆಗೆ ಅಘನಾಶಿನಿ ಸೇರುತ್ತದೆ. ಅಣೆಕಟ್ಟು ಇಲ್ಲದೆ ಸಮುದ್ರ ಮುಟ್ಟುವ ನದಿ ಅದು. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವಾಗಲೂ ಯಾರ ಹಂಗೂ ಇಲ್ಲ. ಭಾವ ಹಳ್ಳದಿಂದ ತೆಗೆದುಕೊಂಡ ನೀರನ್ನು 80 ಅಡಿ ಕೆಳಗೆ ಹಳ್ಳಕ್ಕೇ ವಾಪಸ್ ಬಿಡುತ್ತಾರೆ. ಮಧ್ಯದ ತುಂಡಿನಲ್ಲಿ ಹಳ್ಳ ಒಣಗಬಾರದು ಅಂತ ಒಡ್ಡಿನ ಮೇಲಿಂದ ಯಾವಾಗಲೂ ನೀರು ಹಾರಿ ಹೋಗುವಂತೆ ಬಿಟ್ಟಿದ್ದಾರೆ. ಅಲ್ಲಿನ ಏಡಿ, ಮೀನು, ಕಪ್ಪೆಗಳಿಗೆ ಅವರ ಪಾಲು ಸಿಗಬೇಕು ಅನ್ನುವುದು ಅವರ ಹಟ. ಹಾಗೆ ಬಿಡದಿದ್ದರೆ ಇನ್ನೂ ಒಂದಷ್ಟು ವ್ಯಾಟ್ ಬರುತ್ತಿತ್ತು.

ಈಗ ಆ ರಾತ್ರಿಯ ವಿಷಯ. ಮಧ್ಯಾಹ್ನದಿಂದಲೇ ಗಾಳಿ, ಮಳೆ ಜೋರಾಗಿತ್ತು. ಊಟ ಮಾಡಿ ಡ್ರೈವರ್ ಸೀಟಿನಲ್ಲಿ ಕೂತು ಓದುತ್ತಿದ್ದೆ. ಯಂತ್ರದ ಶ್ರುತಿ ಸ್ವಲ್ಪ ಇಳಿಯಿತು. ದೀಪ ಹಾಗೇ ಇತ್ತು. ಮೀಟರ್ ಕೂಡ ಅಲುಗಿರಲಿಲ್ಲ, ಯಾಕೆಂದರೆ ಕಂಟ್ರೋಲರ್ ಗೀಸರಿನ ಪಾಲು ಕಡಿಮೆ ಮಾಡಿ ಮನೆಯ ಪಾಲು ಉಳಿಸಿತ್ತು. ಎದ್ದು ಟಾರ್ಚು ಹುಡುಕಿ, ಕಂಬಳಿಕೊಪ್ಪೆ ಹಾಕಿಕೊಳ್ಳುವಷ್ಟರಲ್ಲಿ ಶಬ್ದ ಒಂದೇ ಸಮನೆ ಕೆಳಗಿಳಿದು, ದೀಪ ಕೆಂಪಾಗಿ, ಎಲ್ಲ ಆರಿತು. ಅಂಥ ಕತ್ತಲೆ ನಾನು ಬೇರೆಲ್ಲೂ ನೋಡಿಲ್ಲ.

ಮೊದಲು ಗುಡಿಸಲಿಗೆ ಹೋಗಿ ಮೇನ್ ಸ್ವಿಚ್ ತೆಗೆದೆ, ವಾಲ್ವ್ ಮೆಲ್ಲಗೆ ಮುಚ್ಚಿದೆ. ಆಮೇಲೆ ತೊಟ್ಟಿಯ ಕಡೆ ಹತ್ತಿದೆ. ಕಾಲಿಗೆ ಸುಣ್ಣ, ತಂಬಾಕು ಹಚ್ಚಿಕೊಂಡಿದ್ದೆ, ಮಳೆಯಲ್ಲಿ ಅದೆಲ್ಲ ತೊಳೆದುಹೋಗಿ ಉಂಬಳಗಳು ಹತ್ತಿದವು. ಅವುಗಳನ್ನು ಕೀಳುತ್ತಾ ನಿಂತರೆ ಕೆಲಸ ಆಗುವುದಿಲ್ಲ, ರಕ್ತ ಕುಡಿದು ತಾವಾಗಿ ಬೀಳುತ್ತವೆ. ಮೇಲೆ ಹೋಗಿ ನೋಡಿದರೆ ಜಾಲರಿಯ ಮೇಲೆ ಸೊಪ್ಪಿನ ದಪ್ಪ ಹಾಸು. ಗಾಳಿಗೆ ಮುರಿದ ಟೊಂಗೆಯೊಂದು ಅಡ್ಡ ಬಿದ್ದು, ಬಂದ ಎಲೆಯನ್ನೆಲ್ಲ ತಡೆದು ನಿಲ್ಲಿಸಿತ್ತು. ಹಳ್ಳದಲ್ಲಿ ನೀರು ಉಕ್ಕುತ್ತಿದೆ, ತೊಟ್ಟಿ ಮಾತ್ರ ಖಾಲಿ. ಟೊಂಗೆ ಎಳೆದು ಹಾಕಿ, ಕೈಯಿಂದಲೇ ಎಲೆ ಬಾಚಿದೆ. ತೊಟ್ಟಿ ತುಂಬಿ ಪೈಪಿನ ಬಾಯಿ ಮುಳುಗುವವರೆಗೆ ಅಲ್ಲೇ ಕಾದೆ. ಪೈಪಿನಲ್ಲಿ ಸೇರಿದ ಗಾಳಿ ಗುಳುಗುಳು ಅಂತ ಮೇಲಕ್ಕೆ ಬಂದು ನಿಂತ ಮೇಲೆ ಕೆಳಗಿಳಿದೆ.

ವಾಲ್ವ್ ತೆರೆದೆ. ಚಕ್ರ ತಿರುಗಿತು. ಶಬ್ದ ಸರಿಯಾಗಿಯೇ ಏರಿತು. ಮೀಟರ್ ಮಾತ್ರ ಸೊನ್ನೆಯಲ್ಲೇ ಇತ್ತು.

ಭಾರ ಹೊತ್ತುಕೊಂಡೇ ನಿಂತುಹೋದ ಯಂತ್ರದಲ್ಲಿ ಹೀಗಾಗಬಹುದು ಅಂತ ಭಾವ ಹೇಳಿದ್ದರು. ಕಬ್ಬಿಣದಲ್ಲಿ ಉಳಿದಿರುವ ಅಯಸ್ಕಾಂತ ಗುಣ ಅಳಿಸಿಹೋಗುತ್ತದೆ. ಅದನ್ನು ಮತ್ತೆ ತುಂಬಬೇಕು. ಗುಡಿಸಲಿನ ಮೂಲೆಯಲ್ಲಿ ಟ್ರ್ಯಾಕ್ಟರಿನ ಹಳೆಯ 12 ವೋಲ್ಟ್ ಬ್ಯಾಟರಿ ಇಟ್ಟಿರುವುದು ಇದಕ್ಕೇ. ನೀರು ನಿಲ್ಲಿಸಿದೆ. ಚಕ್ರ ಪೂರ್ತಿ ನಿಲ್ಲುವವರೆಗೆ ಕಾದೆ. ಮನೆಯ ತಂತಿ ಬೇರೆಯಾಗಿದೆಯೇ ಅಂತ ಇನ್ನೊಮ್ಮೆ ನೋಡಿದೆ. ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿದ್ದರೆ ಹೊಡೆಯುತ್ತದೆ, ಹಾಗಾಗಿ ಭಾವ ಒಂದು ಹಳೆ ಬಲ್ಬಿಗೆ ಎರಡು ತಂತಿ ಕಟ್ಟಿ ಇಟ್ಟಿದ್ದರು. ಅದನ್ನು ಮುಟ್ಟಿಸಿ ಖಾಲಿ ಮಾಡಿದೆ. ಆಮೇಲೆ ಮೋಟಾರಿನ ಎರಡು ತುದಿಗೆ ಬ್ಯಾಟರಿ ತಂತಿಯನ್ನು ಒಂದೆರಡು ಸೆಕೆಂಡ್ ತಾಗಿಸಿ ತೆಗೆದೆ. ಸಣ್ಣ ಕಿಡಿ ಬಂತು. ಮತ್ತೆ ವಾಲ್ವ್, ಸ್ವಲ್ಪ ಸ್ವಲ್ಪವೇ. ಮುಳ್ಳು ಒಮ್ಮೆ ನಡುಗಿ, ಸರ್ರನೆ ಮೇಲೇರಿ 230ರ ಹತ್ತಿರ ನಿಂತಿತು. ನಾನು ಒಬ್ಬನೇ ಇದ್ದೆ, ಆದರೂ "ಬಂತು!" ಅಂತ ಕೂಗಿದೆ. ಸ್ವಿಚ್ ಹಾಕಿದಾಗ ಮೇಲೆ ಬಸ್ಸಿನ ಕಿಟಕಿಗಳೆಲ್ಲ ಒಟ್ಟಿಗೇ ಬೆಳಗಿದವು. ಮಳೆಯಲ್ಲಿ ನಿಂತು ಬಹಳ ಹೊತ್ತು ನೋಡಿದೆ. ನನ್ನ ಜೀವನದಲ್ಲಿ ಕರೆಂಟು ಹೋಗಿ ಬಂದದ್ದು ಲೆಕ್ಕವಿಲ್ಲ. ನಾನೇ ತಂದದ್ದು ಅದೊಂದೇ ಸಲ.

ಮಳೆಗಾಲದ ಕೊನೆಗೆ ಗುಡುಗು ಸಿಡಿಲು ಜಾಸ್ತಿ. ಕಬ್ಬಿಣದ ಬಸ್ಸಿನಲ್ಲಿ ಕೂರುವುದು ಅಪಾಯ ಅಲ್ವಾ ಅಂತ ಅಕ್ಕ ಮೊದಲೇ ಹೆದರಿಸಿದ್ದಳು. ನಿಜ ಹೇಳಬೇಕೆಂದರೆ ಸುತ್ತ ಲೋಹ ಇರುವ ಪೆಟ್ಟಿಗೆಯ ಒಳಗೆ ಇರುವವರು ಹೊರಗೆ ನಿಂತವರಿಗಿಂತ ಕ್ಷೇಮ. ಸಿಡಿಲು ಬಡಿದರೂ ಕರೆಂಟು ಹೊರಗಿನ ತಗಡಿನ ಮೇಲೆ ಹರಿದು ಭೂಮಿಗೆ ಹೋಗುತ್ತದೆ. ಬಾಗಿಲು, ಕಿಟಕಿಯ ಕಬ್ಬಿಣ ಮುಟ್ಟದೆ ಒಳಗೆ ನಡುವೆ ಕೂರಬೇಕು ಅಷ್ಟೆ. ಬಸ್ಸಿನ ನಾಲ್ಕೂ ಮೂಲೆಯಿಂದ ದಪ್ಪ ತಂತಿ ಇಳಿಸಿ, ಇದ್ದಿಲು ಉಪ್ಪು ಹಾಕಿದ ಗುಂಡಿಗಳಲ್ಲಿ ಹುಗಿದಿದ್ದಾರೆ. ಗುಡುಗು ಶುರುವಾದರೆ ಯಂತ್ರದ ತಂತಿಯನ್ನು ಮನೆಯಿಂದ ಬೇರೆ ಮಾಡಿ, ನೀರು ನಿಲ್ಲಿಸಿ, ಕತ್ತಲಲ್ಲಿ ಕೂತಿರುತ್ತಿದ್ದೆ.

ಹಗಲು ಬೇರೆ ಕೆಲಸಗಳು. ಜಾಲರಿ ತೊಳೆಯುವುದು, ಪೈಪಿನ ಗುಂಟ ಒಂದು ಸುತ್ತು, ಸಸಿಗಳ ಕಳೆ. ಕುಡಿಯುವ ಅಬ್ಬಿ ನೀರು ಬೇರೆ ಕಡೆಯಿಂದ ದಬ್ಬೆಯಲ್ಲಿ ಬರುತ್ತದೆ. ಎದುರಿನ ಮರಕ್ಕೆ ಮಂಗಟ್ಟೆ ಹಕ್ಕಿಗಳು ಬರುತ್ತಿದ್ದವು. ಒಂದು ಬೆಳಿಗ್ಗೆ ಸಿಂಗಳೀಕಗಳ ಗುಂಪೇ ಉಪ್ಪಾಗೆ ಮರದಲ್ಲಿ ಕೂತಿತ್ತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಅಘನಾಶಿನಿ ಕಣಿವೆಯ ಒಂದಷ್ಟು ಕಾಡನ್ನು 2011ರಲ್ಲಿ ಸಂರಕ್ಷಿತ ಪ್ರದೇಶ ಅಂತ ಮಾಡಿದ್ದು ಮುಖ್ಯವಾಗಿ ಇವುಗಳಿಗಾಗಿಯೇ. ಯಂತ್ರದ ಶಬ್ದಕ್ಕೆ ಅವು ತಲೆಯೂ ಎತ್ತಲಿಲ್ಲ. ಡೀಸೆಲ್ ಜನರೇಟರ್ ಇದ್ದಿದ್ದರೆ ಅಷ್ಟು ಹತ್ತಿರ ಬರುತ್ತಿದ್ದವೋ ಇಲ್ಲವೋ! ಫೋನು ಮಾಡಬೇಕಾದರೆ ಗುಡ್ಡದ ತಲೆಗೆ ಹೋಗಬೇಕು. ಸಂಜೆ ಹೋಗಿ ಅಕ್ಕನಿಗೆ ಒಂದು ಕರೆ ಮಾಡಿ ಬರುತ್ತಿದ್ದೆ.

ಭಾವ ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ಬಂದಾಗ ಮಳೆ ಹೊಳವಾಗಿತ್ತು. ಬಸ್ಸಿನ ಬಾಗಿಲಿಗೂ ಬರಲಿಲ್ಲ, ಸೀದಾ ಗುಡಿಸಲಿಗೆ ಹೋದರು. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ, ಆದರೂ ಮೀಟರ್ ನೋಡಲಿಲ್ಲ. ಮೋಟಾರಿನ ಮೇಲೆ ಕೈ ಇಟ್ಟು ನಿಂತರು. "ಶಬ್ದ ಬದಲಾಜು. ಕೇಳ್ತಾ?" ಅಂದರು. ನನಗೂ ಕೇಳಿತ್ತು. ಎರಡು ದಿನದಿಂದ ಗುಂಯ್ ಅನ್ನುವುದರೊಳಗೆ ಒಂದು ಸಣ್ಣ ಕಿರಕಿರ ಸೇರಿತ್ತು, ಬರೆದೂ ಇಟ್ಟಿದ್ದೆ. "ಬೇರಿಂಗ್ ಇರ್ಬೇಕು ಭಾವ, ಚಕ್ರದ ಕಡೆದು," ಅಂದೆ. ಅವರು ತಲೆಯಾಡಿಸಿದರು. ಯಂತ್ರ ನಿಲ್ಲಿಸಿ, ಬಿಚ್ಚಿದೆವು. 6205 ನಂಬರಿನ ಬೇರಿಂಗು, ಸೀಲಿನಿಂದ ನೀರು ಇಳಿದು ತುಕ್ಕು ಹಿಡಿದಿತ್ತು. ನಾನು ಶಿರಸಿಗೆ ಹೋಗಿ ಹೊಸ ಬೇರಿಂಗು, ಹೊಸ ಸೀಲು ತಂದೆ. ಭಾವ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಅವರು ಹೇಳುತ್ತಾ ಹೋದರು, ನಾನು ಕೂರಿಸಿದೆ. ಲಾಕ್ ನಟ್ ಬಿಗಿ ಮಾಡುವಾಗ ಮಾತ್ರ ಪಾನಾ ತಾವೇ ಹಿಡಿದು ಒಮ್ಮೆ ನೋಡಿದರು.

ಇಂಥದ್ದು ತಮ್ಮ ಜಾಗದಲ್ಲೂ ಮಾಡಬೇಕು ಅನ್ನುವವರಿಗೆ ಭಾವ ಹೇಳುವ ಮಾತೊಂದಿದೆ. ನೀರನ್ನು ಶ್ರಾವಣದಲ್ಲಿ ಅಳೆಯಬೇಡಿ. ಆಗ ಎಲ್ಲ ಹಳ್ಳವೂ ದೊಡ್ಡದೇ. ಪುಷ್ಯ, ಮಾಘದಲ್ಲಿ ಡ್ರಮ್ ಇಟ್ಟು ನೋಡಿ. ಇವರ ಹಳ್ಳವೂ ಜನವರಿ ಕಳೆದರೆ ಯಂತ್ರಕ್ಕೆ ಸಾಲುವುದಿಲ್ಲ. ಆಮೇಲೆ ಮಳೆ ಬೀಳುವವರೆಗೆ ಮಾಡಿನ ಮೇಲಿನ ಎರಡು ಸೋಲಾರ್ ಪ್ಯಾನಲ್, ಒಂದು ಬ್ಯಾಟರಿ. ನಮ್ಮ ಘಟ್ಟದಲ್ಲಿ ಬಿಸಿಲು ಇಲ್ಲದಾಗ ನೀರು, ನೀರು ಇಲ್ಲದಾಗ ಬಿಸಿಲು, ಇದು ಒಂದಕ್ಕೊಂದು ಚೆನ್ನಾಗಿ ಕೂಡುತ್ತದೆ. ಬೇಸಿಗೆಯಲ್ಲಿ ಬಿಸಿನೀರಿಗೆ ಮಾತ್ರ ಬಚ್ಚಲ ಒಲೆಗೆ ಬೆಂಕಿ ಹಾಕಬೇಕು. ಪಂಪನ್ನು ಆಗ ಬಿಚ್ಚಿ, ಗ್ರೀಸ್ ಹಚ್ಚಿ, ಬಸ್ಸಿನೊಳಗೆ ಹಿಂದಿನ ಸೀಟಿನ ಜಾಗದಲ್ಲಿ ಇಡುತ್ತಾರೆ. ಈ ಸಲ ಆ ಕೆಲಸಕ್ಕೆ ನಾನು ರಜೆ ಹಾಕಿ ಹೋಗುವುದು ಅಂತ ಈಗಲೇ ಮಾತಾಗಿದೆ.